ಕಿಟಕಿಯಲ್ಲಿಟ್ಟ ವರ್ಷ

ನಾವು ಕೆಲಸಕ್ಕಿದ್ದ ಬಟ್ಟೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ಪ್ರತಿ ಡಿಸೆಂಬರಿಗೆ ಆ ವರ್ಷವನ್ನು ನಿಲ್ಲಿಸುವ ಪದ್ಧತಿ ಇತ್ತು. ಜಗತ್ತಿನಲ್ಲಿ ಏನೇನು ನಡೆಯಿತೋ ಅದನ್ನು ಅಂಗಡಿಯ ನಾಲ್ಕು ಗೊಂಬೆಗಳಿಗೆ ಬಟ್ಟೆ ತೊಡಿಸಿ ತೋರಿಸಬೇಕು. ಇದು ಇಂಥದ್ದು ಎಂದು ಚೀಟಿ ಬರೆದು ಅಂಟಿಸುವಂತಿಲ್ಲ. ದಾರಿಯಲ್ಲಿ ಹೋಗುವವರೇ ನೋಡಿ ಹೇಳಬೇಕು. ಎಲ್ಲವನ್ನೂ ಸರಿಯಾಗಿ ಹೇಳಿದವರಿಗೆ ಅಂಗಡಿಯಿಂದ ಒಂದು ಕರವಸ್ತ್ರ. ಇದನ್ನು ಶುರು ಮಾಡಿದವರು ದೊಡ್ಡ ಯಜಮಾನರು. ಮಾಡುತ್ತಿದ್ದವನು ನನ್ನ ಮೈದುನ.

ಅವನನ್ನು ಅಂಗಡಿಯವರೂ ಬೀದಿಯವರೂ ಗೊಂಬೆರಾಯ ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂತು. ಗೊಂಬೆಗಳಿಗೆ ಬಟ್ಟೆ ಉಡಿಸುತ್ತ ಉಡಿಸುತ್ತ ತಾನು ಮದುವೆಯಾಗುವುದನ್ನೇ ಮರೆತ ಆಸಾಮಿ. ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಇರುತ್ತಿದ್ದ. ನಾನು ಅದೇ ಅಂಗಡಿಯಲ್ಲಿ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಹಾಕಿಕೊಂಡು ಕೂರುವವಳು. ಗಿರಾಕಿಗಳ ಪ್ಯಾಂಟಿನ ಉದ್ದ ಮಡಿಚುವುದು, ಸೊಂಟ ಬಿಡಿಸುವುದು, ಗುಂಡಿ ಹಾಕುವುದು ನನ್ನ ಪಾಲಿನ ಕೆಲಸ. ಶಾಲೆ ಕಂಡದ್ದು ಸ್ವಲ್ಪ. ಪ್ರಪಂಚದ ಸುದ್ದಿ ನನಗೆ ಗೊತ್ತಾಗುತ್ತಿದ್ದದ್ದು ಮೈದುನ ಅದಕ್ಕೆ ಯಾವ ಬಟ್ಟೆ ಹುಡುಕುತ್ತಿದ್ದಾನೆ ಎನ್ನುವುದರಿಂದಲೇ.

ದೊಡ್ಡ ಯಜಮಾನರು ಕಿಟಕಿಗೆ ಕೆಲವು ಕಟ್ಟುಪಾಡು ಹಾಕಿದ್ದರು. ಅದಕ್ಕೆಂದು ಹೊಸದಾಗಿ ಏನನ್ನೂ ಹೊಲಿಯಬಾರದು, ತೊಡಿಸುವ ಬಟ್ಟೆ ಅಂಗಡಿಯಲ್ಲಿ ಮಾರುವುದೇ ಆಗಿರಬೇಕು, ಯಾವುದಕ್ಕೂ ಕತ್ತರಿ ತಾಗಬಾರದು. ಜನ ಸತ್ತ ಸುದ್ದಿಯನ್ನು ಕಿಟಕಿಗೆ ತರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಿಟಕಿಯಲ್ಲಿರುವ ಯಾವುದನ್ನಾದರೂ ಗಿರಾಕಿ ಬೇಕು ಎಂದರೆ ಆ ಕ್ಷಣವೇ ಇಳಿಸಿ ಕೊಡಬೇಕು. ಆ ಕಾರಣಕ್ಕೆ ನಮ್ಮ ವರ್ಷಗಳು ಒಂದೊಂದೇ ಬಟ್ಟೆ ಕಳಚಿಕೊಂಡು ಮುಗಿಯುತ್ತಿದ್ದವು. ನಾನು ಹೊಸದಾಗಿ ಸೇರಿದ್ದಾಗ ಬಾಲದ ನಕ್ಷತ್ರ ಬಂದಿತ್ತು. ಬಾಲಕ್ಕೆ ಕಟ್ಟಿದ್ದ ಬಿಳಿ ಶಾಲನ್ನು ಮೊದಲ ದಿನವೇ ಯಾರೋ ಕೊಂಡು ಹೋದರು. ಜರ್ಮನಿಯಲ್ಲಿ ಗೋಡೆ ಬಿದ್ದ ವರ್ಷ ಅಂಗಿಯ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟಿದ್ದ. ಗಿರಾಕಿಗಳು ದಿನಕ್ಕೊಂದು ಅಂಗಿ ಎಳೆಸಿಕೊಂಡು ಎಳೆಸಿಕೊಂಡು ಒಂದು ಮಧ್ಯಾಹ್ನ ಆ ಗೋಡೆ ತಾನಾಗಿ ದಡದಡ ಉರುಳಿತು. ದೊಡ್ಡ ಯಜಮಾನರು ಹೊರಗೆ ನಿಂತು ಚಪ್ಪಾಳೆ ಹೊಡೆದರು.

ನಾನು ಈಗ ಹೇಳುವುದು ಎರಡು ಸಾವಿರದ ಹನ್ನೆರಡನೆಯ ಇಸವಿಯ ಮಾತು. ಆ ವೇಳೆಗೆ ದೊಡ್ಡ ಯಜಮಾನರಿಗೆ ಮಂಡಿ ಹಿಡಿದು ಅವರು ಮನೆಯಲ್ಲೇ ಕೂತಿದ್ದರು. ಅಂಗಡಿ ಸೊಸೆಯ ಕೈಗೆ ಬಂದಿತ್ತು. ಯಜಮಾನಿ ಒಳ್ಳೆಯವಳೇ. ಚುರುಕು, ಕೈ ಶುದ್ಧ, ಸಂಬಳ ಒಂದು ದಿನ ತಡ ಮಾಡಿದವಳಲ್ಲ. ಆದರೆ ಅವಳು ಕಾರನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ ಹಿಂಬಾಗಿಲಿನಿಂದ ಬರುವಳು, ಗಲ್ಲಾದ ಹತ್ತಿರ ಕೂರುವಳು, ಹಿಂಬಾಗಿಲಿನಿಂದಲೇ ಹೋಗುವಳು. ಕಿಟಕಿ ಅವಳ ಪಾಲಿಗೆ ಬಟ್ಟೆ ಬಿಸಿಲಿಗೆ ಬಣ್ಣ ಬಿಡುವ ಜಾಗ, ಅಷ್ಟೇ.

ಡಿಸೆಂಬರಿನ ಮೊದಲಲ್ಲಿ ಅವಳು ಮೈದುನನನ್ನು ಕರೆದು ನಯವಾಗಿಯೇ ಹೇಳಿದಳು. ಹೊಸ ವರ್ಷದಿಂದ ಕಿಟಕಿಯ ತುಂಬ ಒಂದು ದೊಡ್ಡ ಟಿವಿ ಪರದೆ ಬರುತ್ತದೆ, ಅದರಲ್ಲಿ ಬಟ್ಟೆಯ ಚಿತ್ರಗಳು ಓಡುತ್ತವೆ, ಗೊಂಬೆಗಳ ಕೆಲಸ ಮುಗಿಯಿತು. ಅವನು ಹಿಂದಿನ ಗೋದಾಮಿಗೆ ಹೋಗಿ ಪೆಟ್ಟಿಗೆ ಇಳಿಸಿಕೊಳ್ಳುವುದನ್ನು ನೋಡಿಕೊಳ್ಳಬೇಕು. ಈಗಿನಿಂದಲೇ ಸಂಜೆ ಅಲ್ಲಿ ಹೋಗಿ ಕಲಿಯಲಿ. ಬೇಕಿದ್ದರೆ ಈ ಸಲದ ಕಿಟಕಿಯನ್ನು ಕೊನೆಯದಾಗಿ ಮಾಡಿಕೊಳ್ಳಲಿ.

ಅವನು ಸರಿ ಮೇಡಂ ಎಂದು ಬಂದು ನನ್ನ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. ನೆಲದ ಮೇಲಿದ್ದ ದಾರದ ಚೂರುಗಳನ್ನು ಹೆಕ್ಕಿ ಉಂಡೆ ಮಾಡುತ್ತ ಹೇಳಿದ:

"ಗೋದಾಮಿಗೆ ಕಿಟಕಿನೇ ಇಲ್ಲ ಅತ್ತಿಗೆ."

ಅಷ್ಟೇ. ನಾನು ಯಂತ್ರ ತುಳಿಯುತ್ತ ಹೋದೆ. ನಾಲಿಗೆಯ ತುದಿಗೆ ಏನು ಬಂದರೂ ಅದು ಅವನನ್ನು ಅಳಿಸುತ್ತಿತ್ತು, ಅಂಗಡಿ ತುಂಬ ಗಿರಾಕಿಗಳಿದ್ದರು.

ಮಾರನೆಯ ಬೆಳಗ್ಗೆ ಅವನ ಕಣ್ಣಲ್ಲಿ ಬೇರೆ ಬೆಳಕು. ಕೊನೆಯದಾದರೆ ಚೆನ್ನಾಗಿರಲಿ ಎಂದ. ಕೌಂಟರಿನ ಹುಡುಗಿಯನ್ನೂ ಸೇರಿಸಿಕೊಂಡ. ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾಳೆಂದು ಅವಳಿಗೆ ನಾವು ಪಟಪಟಿ ಎಂದು ಹೆಸರಿಟ್ಟಿದ್ದೆವು. ಪ್ರಪಂಚದಲ್ಲಿ ಆ ವರ್ಷ ಏನೇನಾಯಿತು ಎಂದು ಅವಳು ತನ್ನ ಫೋನು ನೋಡಿ ಹೇಳುವುದು, ಇವನು ಅದು ಬೇಕು, ಇದು ಬೇಡ ಎನ್ನುವುದು. ವರ್ಷದ ಮೊದಲಲ್ಲೇ ಒಂದು ಭಾರಿ ಹಡಗು ಬಂಡೆಗೆ ತಾಗಿ ಪಕ್ಕಕ್ಕೆ ಒರಗಿತ್ತು. ಅದರಲ್ಲಿ ಜನರ ಜೀವ ಹೋಗಿದ್ದರಿಂದ ಕಿಟಕಿಗೆ ಬೇಡವೆಂದಾಯಿತು. ಉಳಿದದ್ದೇ ಬೇಕಾದಷ್ಟಿತ್ತು.

ಸೂರ್ಯನ ಮುಂದೆ ಶುಕ್ರ ಹಾದು ಹೋಗಿದ್ದಕ್ಕೆ ಹಳದಿ ಕೊಡೆಯೊಂದನ್ನು ಬಿಚ್ಚಿಟ್ಟು, ಅದರ ಮೇಲೆ ನನ್ನ ಕೈಯಲ್ಲಿ ಒಂದು ಕಪ್ಪು ಗುಂಡಿ ಹಾಕಿಸಿದ. ಒಂದೇ ಎಳೆಯಲ್ಲಿ, ಎಳೆದರೆ ಬರುವಂತೆ. ಮಂಗಳ ಗ್ರಹದ ಮೇಲೆ ಇಳಿದ ಬಂಡಿಗೆ ಆರು ಚಕ್ರ ಎಂದು ಪಟಪಟಿ ಹೇಳಿದಳು. ಎರಡು ಚಕ್ರದ ಮೂರು ಸೂಟ್‌ಕೇಸನ್ನು ಸಾಲಾಗಿ ಇಟ್ಟು ಮೇಲೆ ಇಸ್ತ್ರಿ ಹಲಗೆಯನ್ನು ಬಿಗಿದಾಗ ಬಂಡಿ ತಯಾರಾಯಿತು. ಸ್ಪೇನಿನಲ್ಲಿ ಒಬ್ಬ ಮುದುಕಿ ಚರ್ಚಿನ ಗೋಡೆಯ ಹಳೆಯ ಚಿತ್ರವನ್ನು ಸರಿ ಮಾಡುತ್ತೇನೆಂದು ಬಣ್ಣ ಬಳಿದು, ಅದು ಏನೋ ಆಗಿಹೋಗಿ, ಜಗತ್ತೆಲ್ಲ ಹೊಟ್ಟೆ ಹಿಡಿದು ನಕ್ಕಿತಂತೆ. ಅದಕ್ಕೆ ಹೆಣ್ಣು ಗೊಂಬೆಗಳಲ್ಲಿ ದೊಡ್ಡವಳಾದ ಅಕ್ಕನಿಗೆ ಏಪ್ರನ್ ಕಟ್ಟಿ, ಕೈಗೆ ಕುಂಚ ಕೊಟ್ಟು, ಎದುರಿಗೆ ಪಟಪಟಿ ಲಿಪ್‌ಸ್ಟಿಕ್ಕಿನಲ್ಲಿ ಬರೆದ ಒಂದು ಮುಖ ಇಟ್ಟರು. ಪಟಪಟಿ ನಿಜವಾಗಿಯೂ ಚೆನ್ನಾಗಿಯೇ ಬರೆಯಲು ಪ್ರಯತ್ನ ಪಟ್ಟಿದ್ದಳು. ಹಾಗಾಗಿ ಅದು ಇನ್ನೂ ಚೆನ್ನಾಗಿ ಹೊಂದಿತು.

ಕೊರಿಯಾದವನೊಬ್ಬ ಕಪ್ಪು ಕನ್ನಡಕ ಹಾಕಿ ಕುದುರೆ ಓಡಿಸಿದ ಹಾಗೆ ಕುಣಿದದ್ದು ಆ ವರ್ಷ ಯಾರಿಗೆ ಗೊತ್ತಿರಲಿಲ್ಲ? ನಮ್ಮ ಬೀದಿಯಲ್ಲಿ ಹಾಲು ಹಾಕುವವನೂ ಹಾಗೆ ಕುಣಿಯುತ್ತ ಬರುತ್ತಿದ್ದ. ಅದಕ್ಕೆ ಎರಡನೆಯ ಹೆಣ್ಣು ಗೊಂಬೆ ತಂಗಿ ಬೇಕಾಯಿತು. ಆ ಕುಣಿತಕ್ಕೆ ಎರಡು ಕೈ ಮಣಿಕಟ್ಟಿನಲ್ಲಿ ಒಂದರ ಮೇಲೊಂದು ಬರಬೇಕು, ಗೊಂಬೆಯ ಕೈ ಹಾಗೆ ಬಾಗುವುದಿಲ್ಲ. ಮೈದುನ ಎಡಗೈಯನ್ನು ಬಲಕ್ಕೂ ಬಲಗೈಯನ್ನು ಎಡಕ್ಕೂ ಸಿಕ್ಕಿಸಿದ. ಕುಣಿತ ಬಂದುಬಿಟ್ಟಿತು.

ಗೊಂಬೆಗಳ ಕೈ ಹಾಗೆ ಬಿಚ್ಚಿ ಸಿಕ್ಕಿಸುವಂಥವು. ಕೋಟು ಜಾಕೆಟ್ಟು ತೆಗೆಯಬೇಕಾದರೆ ಮೊದಲು ಕೈಯನ್ನು ಹಿಡಿದು ಅರ್ಧ ಸುತ್ತು ತಿರುಗಿಸಿ ಮೇಲಕ್ಕೆ ಎತ್ತಬೇಕು, ತೋಳಿನ ಸಮೇತ ಕಳಚಿ ಬರುತ್ತದೆ. ಅಂಗಡಿಗೆ ಸೇರಿದವರೆಲ್ಲ ಮೊದಲು ಕಲಿಯುವ ಪಾಠ ಅದು. ಯಜಮಾನಿಯೂ ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಹತ್ತಿರ ಇದನ್ನು ಕಲಿತಿದ್ದಳು.

ತೊಂದರೆ ಬಂದದ್ದು ಗಂಡು ಗೊಂಬೆಯಿಂದ. ಅದಕ್ಕೆ ದೊರೆ ಎಂದು ಹೆಸರು. ಅಟ್ಟದಿಂದ ಇಳಿಸುವಾಗ ದೊರೆ ಜಾರಿ ಬಿದ್ದು ಸೊಂಟದ ತಿರುಪು ಮುರಿಯಿತು. ಮೇಲರ್ಧ ಒಂದು ಕಡೆ, ಕಾಲು ಒಂದು ಕಡೆ. ಹೊಸ ಗೊಂಬೆ ಕೇಳುವ ಮುಖ ಯಾರಿಗೂ ಇರಲಿಲ್ಲ. ಮೈದುನ ಎರಡೂ ತುಂಡನ್ನು ನೋಡುತ್ತ ತಲೆ ಕೆರೆದುಕೊಂಡ. ಆಮೇಲೆ ಕಾಲುಗಳಿಗೆ ಚಡ್ಡಿ, ಓಟದ ಬೂಟು ತೊಡಿಸಿ ಕಿಟಕಿಯ ಈ ತುದಿಯಲ್ಲಿ ನಿಲ್ಲಿಸಿದ. ಬನಿಯನ್ನು ತೊಟ್ಟ ಮೇಲರ್ಧವನ್ನು ಆ ತುದಿಯಲ್ಲಿಟ್ಟ.

"ಇದೇನೋ?" ಎಂದೆ.

"ಲಂಡನ್ನಲ್ಲಿ ಓಡಿದ್ನಲ್ಲ, ಅವನು. ಕಾಲು ಬಂದು ಮುಟ್ಟಿದೆ. ಮೈ ಇನ್ನೇನು ಬರುತ್ತೆ."

ಪಟಪಟಿ ನೆಲಕ್ಕೆ ಕೂತು ನಕ್ಕಳು.

ಆದರೆ ದೊರೆಯನ್ನು ಅವನು ನಿಜವಾಗಿ ಇಟ್ಟುಕೊಂಡಿದ್ದದ್ದು ಬೇರೊಂದಕ್ಕೆ. ಅಕ್ಟೋಬರಿನಲ್ಲಿ ಒಬ್ಬ ಬಲೂನಿನಲ್ಲಿ ಆಕಾಶದ ಅಂಚಿಗೆ ಹೋಗಿ, ಬಾಗಿಲು ತೆರೆದು, ಕೆಳಗೆ ಹಾರಿಬಿಟ್ಟಿದ್ದ. ಶಬ್ದಕ್ಕಿಂತ ವೇಗವಾಗಿ ಬಿದ್ದು, ಕೊನೆಗೆ ಕಾಲೂರಿ ನಿಂತನಂತೆ. ಮೈದುನನಿಗೆ ಅದರ ಮೇಲೆ ಜೀವ. ಹಾರುವ ಮುಂಚೆ ಆ ಬಾಗಿಲಲ್ಲಿ ನಿಂತಿದ್ದನಲ್ಲ, ಆ ಒಂದು ಗಳಿಗೆ ಕಿಟಕಿಯಲ್ಲಿ ಇರಬೇಕು ಎನ್ನುವುದು ಅವನ ಹಟ. ಅದಿಲ್ಲದಿದ್ದರೆ ಈ ವರ್ಷವೇ ಅಲ್ಲ ಎನ್ನುವಷ್ಟು. ಮಗು ಗೊಂಬೆ ಒಂದಿತ್ತು. ಆದರೆ ಮಗುವನ್ನು ಅಷ್ಟು ಎತ್ತರದಲ್ಲಿ ನಿಲ್ಲಿಸಿದರೆ ನೋಡಿದವರ ಜೀವ ಬಾಯಿಗೆ ಬರುತ್ತದೆ.

ಎರಡು ದಿನ ಊಟದ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಮೂರನೆಯ ದಿನ ಹೇಳಿದ, ತಾನೇ ನಿಲ್ಲುತ್ತೇನೆ ಎಂದು.

ನಾನು ಬೈದೆ. ಸಂಜೆ ಗೋದಾಮಿನಲ್ಲಿ ಇರಬೇಕಾದವನು ಕಿಟಕಿಯಲ್ಲಿ ಸಿಕ್ಕಿಬಿದ್ದರೆ ಗೋದಾಮೂ ಇಲ್ಲ, ಅಂಗಡಿಯೂ ಇಲ್ಲ, ಈ ವಯಸ್ಸಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಕೇಳಿಸಿಕೊಂಡು, ಪಟಪಟಿಯ ಹತ್ತಿರ ಅವಳ ಸ್ಕೂಟರಿನ ಬಿಳಿ ಹೆಲ್ಮೆಟ್ಟು ಕೇಳಲು ಹೋದ.

ಹೀಗೆ ಏರ್ಪಾಡಾಯಿತು. ಕಿಟಕಿಯ ಮೂಲೆಯಲ್ಲಿ ಕಪ್ಪು ಬಟ್ಟೆ ಮುಚ್ಚಿದ ಎತ್ತರದ ಕಟ್ಟೆ. ಹಗಲೆಲ್ಲ ಅದರ ಮೇಲೆ ಯಾರೂ ಇಲ್ಲ. ಕೆಳಗೆ ನೆಲದ ಮೇಲೆ ಮಗು ಗೊಂಬೆ ಬಿಳಿ ಜಾಕೆಟ್ಟು ಹಾಕಿಕೊಂಡು ಬಿಳಿ ಕೊಡೆಯ ಪಕ್ಕ ಕೂತಿರುತ್ತದೆ. ಅಂದರೆ ಮನುಷ್ಯ ಹಾರಿಯಾಯಿತು, ಅಷ್ಟು ದೂರದಿಂದ ನೋಡಿದರೆ ಇಷ್ಟೇ ಕಾಣುತ್ತಾನೆ. ಸಂಜೆ ಬೀದಿಯಲ್ಲಿ ಜನ ಹೆಚ್ಚುವ ಹೊತ್ತಿಗೆ ಗೊಂಬೆರಾಯ ಗೋದಾಮಿನ ಕೆಲಸ ಮುಗಿಸಿ, ಬೆಕ್ಕಿನ ಹೆಜ್ಜೆ ಇಟ್ಟು ಬಂದು, ಮಗುವನ್ನು ಕಿಟಕಿಯ ಬೆನ್ನಿಗಿದ್ದ ಬಟ್ಟೆ ಪರದೆಯ ಹಿಂದೆ ಸರಿಸಿ, ದೊಡ್ಡ ಅಳತೆಯ ಬಿಳಿ ಹತ್ತಿ ತುಂಬಿದ ಜಾಕೆಟ್ಟು, ಬಿಳಿ ಪ್ಯಾಂಟು, ಕೈಗವಸು, ಹೆಲ್ಮೆಟ್ಟು ಹಾಕಿಕೊಂಡು ಕಟ್ಟೆಯ ಅಂಚಿಗೆ ಬೂಟಿನ ತುದಿ ಚಾಚಿ ನಿಲ್ಲುತ್ತಿದ್ದ. ಗೊಂಬೆಗಳ ನಡುವೆ ಇಡೀ ಆಯುಷ್ಯ ಕಳೆದವನು. ನಿಂತನೆಂದರೆ ನೊಣ ಕೂತರೂ ಕದಲುವವನಲ್ಲ.

ಬೀದಿಯವರಿಗೆ ಇದು ಅರ್ಥವಾಗಲು ಎರಡು ಮೂರು ದಿನ ಹಿಡಿಯಿತು. ಬೆಳಗ್ಗೆ ನೋಡಿದಾಗ ಹಾರಿಯಾಗಿದೆ, ಸಂಜೆ ನೋಡಿದರೆ ಮತ್ತೆ ಮೇಲೆ ನಿಂತಿದ್ದಾನೆ. ಹಾಗಾದರೆ ಹಾರುವುದು ಯಾವಾಗ? ಎದುರಿನ ಔಷಧದ ಅಂಗಡಿಯವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಅವನು ಗುಳಿಗೆ ಕೊಡಲು ತಿರುಗಿದಾಗ ಕಟ್ಟೆ ಖಾಲಿ. ಜನ ಗುಂಪು ಕಟ್ಟಿ ನಿಲ್ಲಲು ಶುರುವಾಯಿತು. ಹೆಲ್ಮೆಟ್ಟಿನ ಗಾಜಿನ ಮೇಲೆ ಆಗಾಗ ಮಂಜು ಕಟ್ಟುವುದನ್ನು ನೋಡಿ, ಮೇಲೆ ಅಷ್ಟು ಎತ್ತರದಲ್ಲಿ ಚಳಿ ಜಾಸ್ತಿ ತಾನೇ, ಅದಕ್ಕೆ ಯಂತ್ರ ಇಟ್ಟಿದ್ದಾರೆ ಎಂದು ಒಬ್ಬ ತಂದೆ ಮಗಳಿಗೆ ವಿವರಿಸುತ್ತಿದ್ದನ್ನು ನಾನೇ ಕೇಳಿಸಿಕೊಂಡೆ. ಕರವಸ್ತ್ರಗಳು ಖರ್ಚಾದವು. ಆದರೆ ಆ ಹಳದಿ ಕೊಡೆಯನ್ನು ಬಹಳ ಜನ ಹೇಳಲಾಗದೆ ಸೋತು ಹೋಗುತ್ತಿದ್ದರು.

ಇನ್ನೊಂದು ವಸ್ತು ಮರೆತೆ. ಡಿಸೆಂಬರ್ ಇಪ್ಪತ್ತೊಂದಕ್ಕೆ ಪ್ರಳಯವಾಗುತ್ತದೆ ಎಂದು ಆ ವರ್ಷ ಎಲ್ಲೆಲ್ಲೂ ಗುಲ್ಲು. ಯಾವುದೋ ದೇಶದ ಹಳೇ ಪಂಚಾಂಗ ಅಲ್ಲಿಗೆ ಮುಗಿಯುತ್ತದಂತೆ. ಅದಕ್ಕೆ ಮೈದುನ ಒಂದು ಖಾಲಿ ಹ್ಯಾಂಗರ್ ತೂಗುಹಾಕಿದ್ದ, ಬೇರೇನೂ ಇಲ್ಲ. ಇಪ್ಪತ್ತೊಂದು ಬಂತು. ನಾನು ಅಂದು ಒಂಬತ್ತು ಪ್ಯಾಂಟು ಮಡಿಚಿದೆ. ಸಂಜೆಗೆ ಪಟಪಟಿ ಓಡಿ ಬಂದು, ಪ್ರಳಯ ಆಗಲಿಲ್ಲ ದೊಡ್ಡಮ್ಮ, ಆದರೆ ಆ ಕುದುರೆ ಕುಣಿತವನ್ನು ಜನ ಫೋನಿನಲ್ಲಿ ನೋಡಿದ್ದು ಇವತ್ತಿಗೆ ನೂರು ಕೋಟಿ ಸಲ ಆಯಿತಂತೆ ಎಂದಳು. ಮಾರನೆಯ ಬೆಳಗ್ಗೆ ಮೈದುನ ಆ ಹ್ಯಾಂಗರಿಗೆ ಒಂದು ಒದ್ದೆ ಟವೆಲು ಒಣಹಾಕಿದ.

ಯಜಮಾನಿಗೆ ಇದಾವುದೂ ತಿಳಿದಿರಲಿಲ್ಲ. ಕೂತಲ್ಲಿಂದ ಅವಳಿಗೆ ಕಿಟಕಿಯ ಬೆನ್ನಿನ ಪರದೆ ಕಾಣುತ್ತಿತ್ತು. ವ್ಯಾಪಾರ ಪರವಾಗಿಲ್ಲ, ಈ ಸಲ ಸಂಜೆ ಜನ ಜಾಸ್ತಿ ಎಂದು ಒಂದೆರಡು ಸಲ ಅಂದಳು. ಹೊಸ ವರ್ಷಕ್ಕೆ ಜನ ಕೊಳ್ಳುತ್ತಾರೆ ಎಂದುಕೊಂಡಳೇನೋ.

ತಿಂಗಳ ಕೊನೆಯ ಶನಿವಾರ ಸಂಜೆ ಒಬ್ಬ ಉದ್ದನೆಯ ಗಿರಾಕಿ ನೇರವಾಗಿ ಕೌಂಟರಿಗೆ ಬಂದು, ಕಿಟಕಿಯಲ್ಲಿ ನಿಂತಿರುವವನು ಹಾಕಿಕೊಂಡಿರುವ ಬಿಳಿ ಜಾಕೆಟ್ಟು ಬೇಕು ಎಂದ. ಆ ಅಳತೆಯಲ್ಲಿ ಉಳಿದಿದ್ದದ್ದು ಅದೊಂದೇ. ಪಟಪಟಿಯ ಬಾಯಿ ಮೊದಲ ಸಲ ಕಟ್ಟಿತು. ಆಮೇಲೆ ಬಿಳಿ ಬೇಗ ಕೊಳೆಯಾಗುತ್ತದೆ, ನೀಲಿ ನಿಮ್ಮ ಬಣ್ಣಕ್ಕೆ ಒಪ್ಪುತ್ತದೆ, ಬೂದು ಬಣ್ಣ ಈಗ ಎಲ್ಲರೂ ಕೇಳುತ್ತಾರೆ ಎಂದು ಸುರಿಸಿದಳು. ಗಿರಾಕಿ ಅಲ್ಲಾಡಲಿಲ್ಲ. ಯಜಮಾನಿಯ ಕಿವಿ ನೆಟ್ಟಗಾಯಿತು.

"ಅವರು ಕೇಳಿದ್ದನ್ನ ಇಳಿಸಿಕೊಡು. ಮಾವ ಹೇಳಿಕೊಟ್ಟಿಲ್ವಾ ನಿಮಗೆಲ್ಲ?"

ನಾನು ಯಂತ್ರ ನಿಲ್ಲಿಸಿ, ಅದರ ಗುಂಡಿ ಸಡಿಲವಾಗಿದೆ, ನಾಳೆ ಸರಿ ಮಾಡಿ ಕೊಡುತ್ತೇನೆ ಎಂದೆ. ಅದಕ್ಕೆ ಗುಂಡಿ ಎಲ್ಲಿದೆ, ಜಿಪ್ಪಲ್ಲವೇ ಎಂದ ಗಿರಾಕಿ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದಕ್ಕೇ ಹೀಗೆ.

ಯಜಮಾನಿ ಎದ್ದಳು. ಇಬ್ಬರೂ ಸೋಮಾರಿಗಳಾಗಿದ್ದೀರಿ, ನಾನೂ ಗೊಂಬೆ ಬಿಚ್ಚಿ ಬಂದವಳೇ ಎಂದು ಚಪ್ಪಲಿ ಕಳಚಿ, ಪರದೆ ಸರಿಸಿ, ಕಿಟಕಿಯೊಳಗೆ ಹತ್ತಿದಳು. ಪಟಪಟಿ ನನ್ನ ಕೈ ಹಿಡಿದಳು. ನಾವು ಪರದೆಯ ಸಂದಿಯಲ್ಲಿ ಕಣ್ಣಿಟ್ಟೆವು.

ಹೊರಗೆ ಗಾಜಿಗೆ ಮೂಗು ಒತ್ತಿಕೊಂಡು ನಿಂತ ಜನ. ಒಳಗೆ ಕಟ್ಟೆಯ ಮೇಲೆ ಗೊಂಬೆರಾಯ. ಅವನು ಆಗಲೇ ಮಾತಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೀದಿ ನೋಡುತ್ತಿದೆ, ಬೀದಿ ನೋಡುವಾಗ ಗೊಂಬೆ ಕದಲಬಾರದು. ಅವನ ತಲೆಯಲ್ಲಿ ಇದ್ದದ್ದು ಅಷ್ಟೇ. ಯಜಮಾನಿ ಪಕ್ಕದ ಸ್ಟೂಲು ಹತ್ತಿ, ಪಳಗಿದವಳ ಹಾಗೆ ಅವನ ಬಲಗೈಯ ಕೈಗವಸನ್ನು ಒಂದು ಕೈಯಲ್ಲಿ, ಮೊಣಕೈಯನ್ನು ಇನ್ನೊಂದರಲ್ಲಿ ಹಿಡಿದು, ಅರ್ಧ ಸುತ್ತು ತಿರುಗಿಸಿದಳು.

ಕೈ ಅಷ್ಟು ತಿರುಗಲಿಲ್ಲ. ಬಿಗಿಯಾಗಿದೆ ಎಂದು ತನ್ನಷ್ಟಕ್ಕೆ ಗೊಣಗಿ, ಇನ್ನೊಮ್ಮೆ, ಈ ಸಲ ಉಸಿರು ಹಿಡಿದು ತಿರುಗಿಸಿದಳು. ಅವನು ಅಲ್ಲಾಡಲಿಲ್ಲ. ಹೆಲ್ಮೆಟ್ಟಿನ ಗಾಜು ಮಾತ್ರ ಒಮ್ಮೆಲೇ ಬೆಳ್ಳಗಾಯಿತು. ಮೂರನೆಯ ಸಲ ಅವಳು ಕಟ್ಟೆಗೆ ಕಾಲು ಕೊಟ್ಟು ಮೇಲಕ್ಕೆ ಎಳೆಯಲು ಸಜ್ಜಾದಾಗ ಹೆಲ್ಮೆಟ್ಟಿನೊಳಗಿನಿಂದ ಬಹಳ ಮರ್ಯಾದೆಯ ದನಿಯೊಂದು ಬಂತು.

"ಮೇಡಂ, ಆ ಕೈ ಬಿಚ್ಚೋಕೆ ಬರಲ್ಲ. ಅದು ನನ್ನ ಜೊತೇಲೇ ಹುಟ್ಟಿದ್ದು."

ಯಜಮಾನಿ ಕಿರುಚಲಿಲ್ಲ. ಕೈ ಬಿಟ್ಟು, ಸ್ಟೂಲಿನಿಂದ ಹಿಂದಕ್ಕೆ ಕಾಲಿಟ್ಟಳು. ಹಿಂದೆ ಇದ್ದದ್ದು ಮಂಗಳ ಗ್ರಹದ ಬಂಡಿ. ಇಸ್ತ್ರಿ ಹಲಗೆಯ ಮೇಲೆ ದೊಪ್ಪನೆ ಕೂತಳು. ಆರು ಚಕ್ರವೂ ಒಳ್ಳೆಯ ಮಾಲು, ನುಣ್ಣಗೆ ಉರುಳುವಂಥವು. ಬಂಡಿ ಹೊರಟಿತು. ಕುಣಿಯುವ ತಂಗಿಯ ಪಕ್ಕದಲ್ಲಿ ಹಾದು, ಓಟಗಾರನ ಕಾಲುಗಳನ್ನು ಬೀಳಿಸಿ, ನೇರವಾಗಿ ಬೀದಿಯ ಗಾಜಿನ ಕಡೆಗೆ.

ಆಗ ಅವನು ಹಾರಿದ.

ಅಷ್ಟು ದಿನ ಕಾದಿದ್ದ ಬೀದಿ ಅದನ್ನು ಕಣ್ಣಾರೆ ನೋಡಿತು. ಬಿಳಿ ಜಾಕೆಟ್ಟು ಗಾಳಿಗೆ ಉಬ್ಬಿ, ಎರಡೂ ಕೈ ಅಗಲಿಸಿ, ಕಟ್ಟೆಯಿಂದ ಬಂಡಿಯ ಮುಂದಕ್ಕೆ. ಎರಡು ಬೂಟೂ ಧಪ್ಪನೆ ನೆಲಕ್ಕೆ ಬಡಿದವು. ಹಲಗೆಯ ಮೂತಿ ಅವನ ಹೊಟ್ಟೆಗೆ ತಾಗಿ ನಿಂತಿತು. ಅವನ ಬೆನ್ನು ಗಾಜಿಗೆ ಮೆತ್ತಗೆ ತಾಗಿತು. ಗಾಜಿಗೆ ಏನೂ ಆಗಲಿಲ್ಲ. ಹೊರಗೆ ಎದ್ದ ಕೂಗು ಎಷ್ಟಿತ್ತೆಂದರೆ ನನ್ನ ಯಂತ್ರದ ಮೇಲಿದ್ದ ಸೂಜಿಡಬ್ಬಿ ಗಲಗಲ ಎಂದಿತು.

ಯಜಮಾನಿ ಬಂಡಿಯ ಮೇಲೆ ಕೂತಲ್ಲೇ ಕೂತಿದ್ದಳು. ಅಂಗಡಿ ತನ್ನ ಕೈಗೆ ಬಂದ ಮೇಲೆ ಅವಳು ಮೊದಲ ಸಲ ಕಿಟಕಿಯಿಂದ ಬೀದಿಯನ್ನು ನೋಡುತ್ತಿದ್ದಳು. ಔಷಧದ ಅಂಗಡಿಯವನು, ಹಾಲಿನವನು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ತಂದೆಯರು, ಕೈಚೀಲ ಹಿಡಿದ ಹೆಂಗಸರು, ಎಲ್ಲರೂ ಅವಳನ್ನೇ ನೋಡಿ ಚಪ್ಪಾಳೆ ಹೊಡೆಯುತ್ತಿದ್ದರು. ಗುಂಪಿನ ಕೊನೆಯಲ್ಲಿ ಒಬ್ಬ ಅಳತೆಯ ಟೇಪನ್ನು ಎತ್ತಿ ಹಿಡಿದುಕೊಂಡು ತುದಿಗಾಲಲ್ಲಿ ನಿಂತಿದ್ದ. ಟಿವಿ ಪರದೆ ಕೂರಿಸುವ ಕಂಪನಿಯವನು. ಗಾಜಿನ ಅಳತೆ ತೆಗೆಯಲು ಬಂದು, ಹತ್ತಿರ ಬರಲು ಜಾಗ ಸಿಗದೆ ಅವನೂ ನೋಡುತ್ತ ನಿಂತುಬಿಟ್ಟಿದ್ದ.

ಉದ್ದನೆಯ ಗಿರಾಕಿ ಪರದೆಯ ಸಂದಿಯಿಂದ ತಲೆ ಹಾಕಿ, ಜಾಕೆಟ್ಟು ಎಂದ. ಮೈದುನ ಅಲ್ಲೇ ಜಿಪ್ಪು ಎಳೆದು, ಕಳಚಿ, ಕೊಡವಿ, ಎರಡು ಕೈಯಲ್ಲೂ ಹಿಡಿದು ಕೊಟ್ಟ. ತಾನು ಬನಿಯನ್ನಿನಲ್ಲಿ, ತಲೆಯ ಮೇಲೆ ಹೆಲ್ಮೆಟ್ಟಿನ ಸಮೇತ ನಿಂತ. ಗಿರಾಕಿ ತೊಟ್ಟು ನೋಡಿ ಬೆಚ್ಚಗಿದೆ ಎಂದು ಮೆಚ್ಚಿಕೊಂಡು ಬಿಲ್ಲು ಮಾಡಿಸಿದ.

ಜನ ಕರಗಿದ ಮೇಲೆ ಯಜಮಾನಿ ಅವನನ್ನು ಗಲ್ಲಾದ ಹತ್ತಿರ ಕರೆದಳು. ಅವನು ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಹೋದ. ಕೆಲಸ ಬಿಡಿಸುವುದಾದರೆ ನೀಟಾಗಿ ಬಿಡಿಸಿಕೊಳ್ಳೋಣ ಎನ್ನುವ ಹಾಗೆ. ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕಿವಿಯನ್ನು ಅಲ್ಲಿಗೆ ಕೊಟ್ಟೆ. ದಾರ ಹೋಗಲೇ ಇಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?"

"ಪ್ರಳಯಕ್ಕೆ ಮುಂಚಿನಿಂದ, ಮೇಡಂ."

"ಗೋದಾಮಿನ ಕೆಲಸ?"

"ಮುಗಿಸಿಯೇ ಬರ್ತಿದ್ದೆ. ನೋಡಿ ಬೇಕಾದ್ರೆ."

ಅವಳು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.

"ಕೈ ನೋವಾಯ್ತಾ?"

"ಮೊದಲನೇ ಸಲ ಇಲ್ಲ. ಎರಡನೇದು ಸ್ವಲ್ಪ ಚೆನ್ನಾಗೇ ಆಯ್ತು."

ಅವಳ ಮುಖ ಒಂದು ಥರ ಆಯಿತು. ನಗು ಬಂದರೆ ಯಜಮಾನಿಕೆ ಹೋಗುತ್ತದೆ ಎಂದು ತುಟಿ ಬಿಗಿ ಹಿಡಿದವಳ ಮುಖ. ಎದ್ದು, ಚಪ್ಪಲಿ ಹಾಕಿಕೊಂಡು, ಮುಂಬಾಗಿಲಿನಿಂದ ಹೊರಗೆ ಹೋದಳು. ನಾವು ಮೂವರೂ ಹಿಂದೆ ಹೋದೆವು. ಬೀದಿಯಲ್ಲಿ ನಿಂತು ಅವಳು ಕಿಟಕಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕುದುರೆ ಕುಣಿತ ಎಂದಳು, ಮಂಗಳನ ಬಂಡಿ ಎಂದಳು. ಲಿಪ್‌ಸ್ಟಿಕ್ಕಿನ ಮುಖ ನೋಡಿ, ಸ್ಪೇನಿನ ಅಜ್ಜಿ ಎನ್ನುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಓಟಗಾರನ ಮೈ ಯಾಕೆ ಅಲ್ಲಿ ಉಳಿದಿದೆ ಎಂದು ಕೇಳಿ, ಉತ್ತರ ಕೇಳಿ, ಗೋಡೆಗೆ ಒರಗಿಕೊಂಡು ನಕ್ಕಳು. ಒಳಗೊಳಗೇ ಅದುಮಿಟ್ಟಿದ್ದೆಲ್ಲ ಒಟ್ಟಿಗೆ ಬಂತು ಅಂತ ಕಾಣುತ್ತದೆ, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಹ್ಯಾಂಗರಿಗೆ ಟವೆಲು ಯಾಕೆ ಎಂದಳು. ಪ್ರಳಯ ಬರಲಿಲ್ಲವಲ್ಲ, ಒಣಹಾಕಿದೆ ಎಂದ ಮೈದುನ.

ಹಳದಿ ಕೊಡೆಯ ಮುಂದೆ ಮಾತ್ರ ಸಿಕ್ಕಿಕೊಂಡಳು. ಬಹಳ ಹೊತ್ತು ನೋಡಿ, ಯಾವುದೋ ಹೊಸ ಫ್ಯಾಷನ್ನಾ ಎಂದು ಕೇಳಿದಳು. ಪಟಪಟಿ ಬಾಯಿ ತೆರೆದಳು, ಮೈದುನ ಕಣ್ಣಲ್ಲೇ ಬೇಡವೆಂದ. ಸೋತವರಿಗೆ ಹೇಳುವುದಿಲ್ಲ, ಇನ್ನೊಮ್ಮೆ ಬಂದು ನೋಡಬೇಕು, ಅದು ಅವಳ ಮಾವನೇ ಮಾಡಿದ ಕ್ರಮ. ಯಜಮಾನಿಗೆ ಕರವಸ್ತ್ರ ಸಿಗಲಿಲ್ಲ. ಸೋಮವಾರ ಅವಳು ಕಾರನ್ನು ಅಂಗಡಿಯ ಮುಂದಿನ ಬೀದಿಯಲ್ಲೇ ನಿಲ್ಲಿಸಿ, ಕಿಟಕಿಯ ಮುಂದೆ ನಿಂತು, ಒಳಗೆ ಬರುತ್ತಲೇ ಶುಕ್ರ ಎಂದಳು. ಮನೆಯಲ್ಲಿ ಮಾವನನ್ನು ಕೇಳಿದ್ದಾಳೆ ಎಂದು ನನಗೆ ಗುಮಾನಿ. ಇರಲಿ, ಪಟಪಟಿ ಎದ್ದು ನಿಂತು ಕರವಸ್ತ್ರ ಕೊಟ್ಟಳು.

ಟಿವಿ ಪರದೆಯವನು ಅಂದೇ ಮತ್ತೆ ಬಂದ. ಯಜಮಾನಿ ಅವನನ್ನು ಕಿಟಕಿಯ ಹತ್ತಿರಕ್ಕೂ ಬಿಡದೆ ಅಂಗಡಿಯ ಒಳಗೆಲ್ಲ ತಿರುಗಿಸಿ, ಕೊನೆಗೆ ಮೆಟ್ಟಿಲ ಪಕ್ಕದ ಗೋಡೆ ತೋರಿಸಿದಳು. ಗೋದಾಮಿಗೆ ಬೇರೆಯವರನ್ನು ನೋಡುವುದಾಯಿತು. ದೊರೆಯ ಸೊಂಟಕ್ಕೆ ಹೊಸ ತಿರುಪು ಬಂತು, ಇನ್ನು ಮುಂದೆ ಕಿಟಕಿಯಲ್ಲಿ ಉಸಿರಾಡುವವರು ನಿಲ್ಲಬಾರದು ಎನ್ನುವ ಕಟ್ಟುಪಾಡೂ ಅದರ ಜೊತೆ ಬಂತು. ಮೈದುನ ಅದಕ್ಕೂ ಸರಿ ಮೇಡಂ ಎಂದ. ಮುಂದಿನ ವರ್ಷ ಜಗತ್ತು ಏನು ಮಾಡುತ್ತದೆ ನೋಡೋಣ ಎಂದು ನನಗೆ ಮಾತ್ರ ಕೇಳುವಂತೆ ಸೇರಿಸಿದ.

ಆ ಪರದೆ ಈಗ ನನ್ನ ತಲೆಯ ಮೇಲೇ ಇದೆ. ಹಗಲೆಲ್ಲ ಅಂಗಿ, ಕೋಟು, ನಗುವ ಮುಖಗಳು ಓಡುತ್ತಿರುತ್ತವೆ. ಯಾರೂ ನಿಂತು ನೋಡುವುದಿಲ್ಲ. ಆದರೆ ಬೆಳಕು ಚೆನ್ನಾಗಿ ಬೀಳುತ್ತದೆ, ಸೂಜಿಗೆ ದಾರ ಒಂದೇ ಸಲಕ್ಕೆ ಹೋಗುತ್ತದೆ.